ಬಸುರಿ ಮಗಳು ಅಡ್ಡಾಡೋ ಸ್ಮಶಾನ

ಇಳಿದ ದಿನ

ಬರ್ಯೋದು ನನ್ನ ಕಸುಬಲ್ಲ. ಮೂವತ್ತೈದು ವರ್ಷ ಹರಪನಹಳ್ಳಿ ಡಿಪೋದಾಗ ಕಂಡಕ್ಟರ್ ಆಗಿದ್ದಾಂವ ನಾನು. ಕೊಟ್ಟೂರು, ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿ ಕಡೆ ಬಸ್ಸು ಹತ್ತಿದವ್ರಿಗೆ ನನ್ನ ಗಂಟಲು ಗೊತ್ತೈತಿ. "ಕೈ ಒಳಗ, ತಲಿ ಒಳಗ!" ಅಂತ ಕೂಗಿ ಕೂಗಿ ಧ್ವನಿ ಒಡದು ಹೋಗೇತಿ. ಹಂಗಾಗಿ ಬಸ್ಸಿನಾಗ ಮಾತಾಡಿದಂಗ ಬರೀತೀನಿ. ಸೀಟು ಸಿಕ್ಕವ್ರು ಕುಂದರ್ರಿ, ಸಿಗದವ್ರು ಕಂಬಿ ಹಿಡ್ಕೊಳ್ರಿ.

ನಮ್ಮ ಒಬ್ಬಾಕಿ ಮಗಳು ಸುಮಾ ಇಂಗ್ಲೆಂಡಿನ ಶೆಫೀಲ್ಡ್ ಅನ್ನೋ ಊರಾಗ ನರ್ಸ್ ಅದಾಳ. ಅಳಿಯನೂ ಆಸ್ಪತ್ರಿ ಲ್ಯಾಬಿನಾಗ ಕೆಲಸ ಮಾಡ್ತಾನ. ಮಗಳಿಗೆ ಎಂಟು ತಿಂಗಳು ತುಂಬಿತ್ತು. ಬಾಣಂತನಕ್ಕ ಆಕಿ ನಮ್ಮ ಮನಿಗೆ ಬರಬೇಕಿತ್ತು, ಬರಾಕ ಆಗಲಿಲ್ಲ. ಹಂಗಂತ ಬಾಣಂತನ ಬಿಡಾಕ ಆಗತೈತೇನು? ಅದನ್ನ ಸೂಟ್‌ಕೇಸಿನಾಗ ತುಂಬ್ಕೊಂಡು ನಾವೇ ಹೊಂಟ್ವಿ. ಅಂಟಿನುಂಡಿ, ಓಮು, ಬಜಿ ಬೇರು, ಕೂಸಿಗೆ ಅಂತ ಹಳೇ ಸೀರಿ ಹರದು ಹೊಲಿದ ಬಟ್ಟಿ.

ಆ ಕಡೆ ವಿಮಾನ ಇಳದ ಮ್ಯಾಲ ಒಬ್ಬ ಆಫೀಸರು ಉಂಡಿ ಡಬ್ಬಿ ತೆಗೆದು, ಮೂಸಿ ನೋಡಿ, ಇದೇನು ಅಂದ. "ಮೆಡಿಸಿನ್, ಫಾರ್ ಡೆಲಿವರಿ" ಅಂದೆ. ಅಂವ ಸೀದಾ ನನ್ನ ಹೆಂಡ್ತಿ ನೀಲಮ್ಮನ ಹೊಟ್ಟಿ ನೋಡಿದ. ಐವತ್ತೆಂಟರ ಹೆಂಗಸು! ನೀಲಮ್ಮ ಸೆರಗು ಬಿಗಿ ಮಾಡ್ಕೊಂಡು, "ಏನಂದ್ರಿ ಆ ಮನುಷ್ಯಾಗೆ?" ಅಂತ ಹಲ್ಲು ಕಡದ್ಲು. ಪಾಪ, ಅಂವ ಮುಂದ ಏನೂ ಕೇಳದ ಡಬ್ಬಿ ಮುಚ್ಚಿ ಕಳಿಸಿಬಿಟ್ಟ.

ಮೇ ತಿಂಗಳು. ನಮ್ಮಲ್ಲಿ ರಸ್ತಿ ಡಾಂಬರು ಚಪ್ಪಲಿಗೆ ಅಂಟೋ ಕಾಲ. ಅಲ್ಲಿ ಸ್ವೆಟರ್ ಮ್ಯಾಲ ಸ್ವೆಟರ್. ಮಗಳ ಅಡಿಗಿಮನಿ ಕಿಟಕಿಯಿಂದ ನೋಡಿದ್ರ ಎದುರಿಗೆ ಒಂದು ದಿಬ್ಬ, ದಿಬ್ಬದ ತುಂಬ ಹಸಿರು. ಬೇಸಗಿಯಾಗ ಕಣ್ಣಿಗೆ ಅಷ್ಟು ಹಸಿರು ಬಿದ್ದದ್ದು ನನ್ನ ಜೀವಮಾನದಾಗ ಅದೇ ಮೊದಲು. "ನಾನು ದಿನಾ ವಾಕಿಂಗ್ ಹೋಗೋದು ಅಲ್ಲೇ ಅಪ್ಪ. ನಾಳೆ ಕರ್ಕೊಂಡು ಹೋಗ್ತೀನಿ" ಅಂದ್ಲು ಸುಮಾ.

ಮರುದಿನ, ಕಬ್ಬಿಣದ ಗೇಟು

ಗೇಟು ದಾಟಿದ ಕೂಡಲೇ ಎರಡೂ ಕಡೆ ಮರ. ಇಬ್ಬರು ಕೈ ಚಾಚಿ ತಬ್ಬಿದ್ರೂ ಸಾಲದಂಥ ಬೊಡ್ಡಿ. ನೆಲದ ತುಂಬ ನೀಲಿ ಹೂವು. ಅಳಿಲು ನಮ್ಮ ಅಳಿಲಿನ ಎರಡರಷ್ಟು ದಪ್ಪ, ಬೆನ್ನಿನ ಮ್ಯಾಲ ಗೆರಿ ಇಲ್ಲ, ಮನುಷ್ಯರ ಹೆದರಿಕಿನೂ ಇಲ್ಲ. ನೀಲಮ್ಮ ಒಂದು ಚಪ್ಪಡಿ ಕಲ್ಲಿನ ಮ್ಯಾಲ ಕುಂತು, "ಎಷ್ಟು ತಂಪೈತ್ರೀ, ಎದ್ದು ಹೋಗಬಾರದು ಅನಸ್ತೈತಿ" ಅಂದ್ಲು.

ನಾನು ಸುತ್ತ ಕಣ್ಣಾಡಿಸಿದೆ. ಎಲ್ಲಿ ನೋಡಿದ್ರೂ ಕಲ್ಲು, ಕಲ್ಲಿನ ಮ್ಯಾಲ ಹೆಸರು. ನಮ್ಮ ಕಡೆ ಗುಡಿಗೆ ಒಂದು ಫ್ಯಾನು ಕೊಟ್ರೂ ರೆಕ್ಕಿ ಮ್ಯಾಲ ದಾನಿಯ ಹೆಸರು, ಅವರಪ್ಪನ ಹೆಸರು, ಊರು ಬರಸ್ತಾರ. "ಈ ಪಾರ್ಕಿಗೆ ದಾನ ಕೊಟ್ಟವ್ರು ಭಾಳ ಮಂದಿ ಅದಾರ ನೋಡವ್ವ. ದೊಡ್ಡ ಮನಸ್ಸಿನ ಜನ" ಅಂದೆ.

ಸುಮಾ ನಕ್ಕು ನಕ್ಕು ಹೊಟ್ಟಿ ಹಿಡ್ಕೊಂಡ್ಲು. "ದಾನಿಗಳಲ್ಲ ಅಪ್ಪ. ಕೆಳಗ ಮಲಗಿದವ್ರು. ಇದು ಹಳೇ ಸ್ಮಶಾನ. ಈಗ ಇಲ್ಲಿ ಯಾರನ್ನೂ ಹೂಳಂಗಿಲ್ಲ, ಊರ ಮಂದಿ ಪಾರ್ಕಿನಂಗ ಬಳಸ್ತಾರ."

ನೀಲಮ್ಮ ಕುಂತ ಕಲ್ಲಿನಿಂದ ಎದ್ದ ರೀತಿ ನೀವು ನೋಡಬೇಕಿತ್ತು. ಮಂಡಿನೋವು ಅಂತ ನಾಕು ವರ್ಷದಿಂದ ನರಳೋ ಹೆಂಗಸು ಅದು. ಮಗಳ ರಟ್ಟಿ ಹಿಡದು ದರದರ ಹೊರಗ ಎಳಕೊಂಡು ನಡದ್ಲು. "ಬುದ್ಧಿ ಐತೇನಲೇ ನಿನಗ? ತುಂಬಿದ ಬಸುರಿ ಸ್ಮಶಾನದಾಗ ಅಡ್ಡಾಡ್ತಾಳಂತ! ಯಾರು ಹೇಳಿಕೊಟ್ರು ಇದನ್ನ?"

"ಸೂಲಗಿತ್ತಿ ನರ್ಸು ಹೇಳ್ಯಾಳ ಅವ್ವ, ದಿನಾ ಒಂದು ತಾಸು ನಡೀಬೇಕು ಅಂತ."

"ಆಕಿಗೆ ಮಕ್ಕಳಿಲ್ಲೇನು?"

ಮನಿ ಬಾಗಲಿಗೆ ಬಂದ್ವಿ. ಅಲ್ಲಿ ಎರಡನೇ ಪಂಚಾಯ್ತಿ. ನಮ್ಮಲ್ಲಿ ಮಣ್ಣಿಗೆ ಹೋಗಿ ಬಂದವ್ರು ಹೊರಗ ಕಾಲು ತೊಳಕೊಳ್ಳದ ಹೊಸ್ತಿಲ ದಾಟಂಗಿಲ್ಲ. ಆ ಮನಿ ಮುಂದ ನಳ ಇಲ್ಲ, ಮನಿ ಒಳಗ ಬಕೀಟು ಇಲ್ಲ, ಚೊಂಬಂತೂ ಆ ದೇಶದಾಗೇ ಇಲ್ಲ. ಒಬ್ಬರು ಒಳಗ ಹೋಗಿ ನೀರು ತರಬೇಕಲ್ಲ, ಯಾರು? ಕೊನಿಗೆ ನಾನೇ ಮೈಲಿಗಿ ಆಗಾಕ ಒಪ್ಪಿ, ತುದಿಗಾಲಿನ ಮ್ಯಾಲ ಒಳಗ ಹೋಗಿ, ಚಾ ಕಾಸೋ ಕೆಟಲು ತುಂಬ್ಕೊಂಡು ಬಂದೆ. ಮೂವರೂ ಬಾಗಲ ಮುಂದ ಸಾಲಾಗಿ ನಿಂತು ಕೆಟಲಿನ ಮೂತಿಯಿಂದ ಕಾಲಿಗೆ ನೀರು ಹುಯ್ಕೊಂಡ್ವಿ. ಬೇಲಿ ಆಚಿ ಮನಿಯ ಮುದುಕ ನೋಡಿದ. ನೋಡಿ ಒಳಗ ಹೋದ. ಫೋನು ಮಾಡಿ ಯಾರನ್ನಾದ್ರೂ ಕರಸ್ತಾನೋ ಏನೋ ಅಂತ ನನಗ ಪುಕುಪುಕು. ಅಂವ ಮಡಚಿದ ಟವೆಲ್ ತಂದು ಬೇಲಿ ಮ್ಯಾಲಿಂದ ಕೊಟ್ಟ. ಯಾಕ ಏನು ಒಂದೂ ಕೇಳಲಿಲ್ಲ. ಅವತ್ತಿನಿಂದ ಆ ಮುದುಕ ಅಂದ್ರ ನನಗ ಪ್ರೀತಿ.

ಆ ವಾರ, ಗೇಟಿನ ಒಳಗೊಬ್ಬ ಹೊರಗೊಬ್ಬಾಕಿ

ಎರಡು ದಿನ ತಾಯಿ ಮಗಳ ನಡುವೆ ಮಾತಿಲ್ಲ. ಮೂರನೇ ದಿನಕ್ಕ ಒಂದು ಒಪ್ಪಂದ ಆತು. ಸುಮಾ ನಡೀಬಹುದು, ಆದ್ರ ಕೋಟಿನ ಒಂದು ಕಿಸೆದಾಗ ನಿಂಬಿಹಣ್ಣು, ಇನ್ನೊಂದು ಕಿಸೆದಾಗ ಕಬ್ಬಿಣದ ಕೀಲಿ ಇರಬೇಕು, ಪಕ್ಕದಾಗ ನಾನಿರಬೇಕು. ನೀಲಮ್ಮ ಗೇಟಿನ ಹೊರಗ ನಿಂದ್ರಬೇಕು. ಒಳಗ ಒಂದು ಹೆಜ್ಜಿ ಇಡಂಗಿಲ್ಲ ಅಂತ ಆಣಿ ಮಾಡಿದ್ಲು.

ನಾನು ಕಾವಲಿಗೆ ಅಂತ ಹೋದಾಂವ ಅಲ್ಲಿನ ಚಂದಕ್ಕ ಸಿಕ್ಕಿಬಿದ್ದೆ. ಖರೇ ಹೇಳ್ತೀನಿ. ಒಬ್ಬಾಂವ ದಿನಾ ಅದೇ ಹೊತ್ತಿಗೆ ಕುಂಟ ನಾಯಿ ಕರ್ಕೊಂಡು ಬರತಿದ್ದ, ನಾಯಿ ಎಷ್ಟೊತ್ತು ನಿಂತ್ರೂ ತಾನೂ ನಿಂದ್ರತಿದ್ದ. ಇಬ್ಬರು ಹುಡುಗೇರು ಸಮಾಧಿ ಕಟ್ಟಿಗೆ ಬೆನ್ನು ಹಚ್ಚಿ ಓದ್ಕೋತ ಕುಂದರತಿದ್ರು. ಒಬ್ಬ ಸೂಟಿನ ಮನುಷ್ಯ ಮಧ್ಯಾಹ್ನ ಬುತ್ತಿ ತಂದು, ಯಾರದೋ ಹೆಸರಿನ ಪಕ್ಕ ಡಬ್ಬಿ ಇಟ್ಟು ಉಂಡು, ಬಿದ್ದ ತುಣುಕು ಆರಿಸ್ಕೊಂಡು ಹೋಗತಿದ್ದ. ನಮ್ಮೂರ ರುದ್ರಭೂಮಿಗೆ ನಾವು ಹೋಗೋದು ಯಾರಾದ್ರೂ ಸತ್ತಾಗ ಮಾತ್ರ. ಹೋಗೋವಾಗ ಜಾಲಿ ಮುಳ್ಳು ಕಡದು ದಾರಿ ಮಾಡ್ಕೋಬೇಕು. ಅತ್ತ ಕುಣಿ ತೋಡ್ತಿದ್ರ ಇತ್ತ ಮೆಕ್ಕಿಜೋಳದ ಮಾತು. ಮಣ್ಣು ಹಾಕಿದ್ವಿ, ಹಾಲು ತುಪ್ಪ ಬಿಟ್ವಿ, ಕೈ ಝಾಡಿಸ್ಕೊಂಡು ಬಂದ್ವಿ. ಸತ್ತವ್ರ ಹತ್ರ ಸುಮ್ಮನ ಹೋಗಿ ಕುಂತು ಬರೋದು ಅನ್ನೋದು ನಮಗ ಗೊತ್ತೇ ಇಲ್ಲ.

ತಾಸು ಮುಗಿಸಿ ಬಂದ್ರ ನೀಲಮ್ಮ ಗೇಟಿನ ಕಂಬಿ ಹಿಡ್ಕೊಂಡು ನಿಂತಿರತಿದ್ಲು. ಮಗಳ ಮುಖ ನೋಡಿ, ಹೊಟ್ಟಿ ನೋಡಿ, ಆಮ್ಯಾಲ ಉಸಿರು ಬಿಡತಿದ್ಲು. "ಅವ್ವಗ ಯಾಕ ಅಪ್ಪ ಇಷ್ಟು ಅಂಜಿಕಿ?" ಅಂತ ಸುಮಾ ಕೇಳಿದಾಗ, "ಹಳೇ ಕಾಲದಾಕಿ, ಬಿಡವ್ವ" ಅಂದೆ.

ಸುಳ್ಳು ಹೇಳಿದೆ. ಯಾಕ ಅಂತ ನನಗ ಗೊತ್ತಿತ್ತು.

ಸುಮಾಗಿಂತ ಮೊದಲು ನಮಗೊಂದು ಹೆಣ್ಣುಕೂಸು ಹುಟ್ಟಿತ್ತು, ನೀಲಮ್ಮನ ತೌರುಮನಿ ಗುಡೇಕೋಟ್ಯಾಗ. ಎರಡು ದಿನ ಇತ್ತು, ಮೂರನೇ ದಿನ ಬೆಳಗ್ಗೆ ಉಸಿರಿಲ್ಲ. ಹೆಸರಿಟ್ಟಿರಲಿಲ್ಲ. ಹಸಿ ಬಾಣಂತಿಗೆ ತೋರಸಬಾರದು ಅಂತ ಆಕಿ ಮಗ್ಗುಲಿನಿಂದ ಎತ್ತಿಕೊಂಡ್ರು. ನಾನು, ನಮ್ಮ ಮಾವ, ಇಬ್ಬರೇ ಗುಡ್ಡದ ಬುಡಕ್ಕ ಹೋದ್ವಿ. ಆ ಗುಡ್ಡದಾಗ ಕರಡಿ ಅದಾವ, ಹಸಿ ಮಣ್ಣು ಕಂಡ್ರ ಕೆದರತಾವ. ಅದಕ್ಕ ಮ್ಯಾಲ ದೊಡ್ಡ ಕಲ್ಲು ಹೇರಬೇಕು. ಮಣ್ಣು ಎಳದಾದ ಮ್ಯಾಲ ಮಾವ ನನಗ ಅಂದ: "ನೀನು ನಡಿ ಕೊಟ್ರೇಶಿ. ಕಲ್ಲು ನಾನು ಇಟ್ಟು ಬರ್ತೀನಿ. ಹೆತ್ತ ತಂದಿ ಹಿಂದ ತಿರುಗಿ ನೋಡಬಾರದು. ನೋಡಿದ್ರ ಅದು ಬೆನ್ನು ಹತ್ತತೈತಿ, ಮುಂದಿನ ಕೂಸು ನಿಲ್ಲಂಗಿಲ್ಲ."

ನೋಡ್ರಿ, ನನ್ನ ಕೆಲಸ ಎಂಥಾದ್ದು! ಹಿಂದ ನೋಡಿ ರೈಟ್ ಅನ್ನೋದೇ ಕಂಡಕ್ಟರನ ಕೆಲಸ. ಅವತ್ತೊಂದು ದಿನ ನಾನು ನೋಡಲಿಲ್ಲ. ಕಾಲು ನಡದ್ವು, ನಾನು ಅವುಗಳ ಸಂಗಾಟ ಬಂದೆ. ಆ ಜಾಗ ಯಾವುದು ಅಂತ ಇವತ್ತಿಗೂ ನನಗ ಗುರುತಿಲ್ಲ. ಮಾವ ತೀರಿಕೊಂಡು ಇಪ್ಪತ್ತು ವರ್ಷದ ಮ್ಯಾಲಾತು. ನೀಲಮ್ಮ ಒಂದು ದಿನನೂ ಕೇಳಿರಲಿಲ್ಲ. ಎಂದಾದ್ರೂ ಕೇಳ್ತಾಳ, ನನ್ನ ಹತ್ರ ಉತ್ತರ ಇಲ್ಲ ಅನ್ನೋ ಅಂಜಿಕಿ ಮೂವತ್ನಾಕು ವರ್ಷದಿಂದ ನನ್ನ ಜೋಡಿನೇ ಐತಿ.

ಗುರುವಾರ, ಇಳಿಜಾರಿನ ಬುಡ

ಗುರುವಾರ ನಾವು ಒಳಗ ಹೋಗಿ ಹತ್ತು ನಿಮಿಷ ಆಗಿರಬೇಕು, ಮಳಿ ಹಿಡೀತು. ಅಲ್ಲಿ ಮಳಿಗೆ ಗುಡುಗಿಲ್ಲ ಸಿಡಿಲಿಲ್ಲ, ಹೇಳದ ಕೇಳದ ಬಂದುಬಿಡತೈತಿ. ನಾವು ಮರದ ಕೆಳಗ ನಿಂತ್ವಿ. ನೀಲಮ್ಮ ಗೇಟಿನ ಹೊರಗ ಬಯಲಾಗ ಅದಾಳ, ಛತ್ರಿ ನನ್ನ ಕೈಯಾಗ ಐತಿ! ನನಗ ಆಗಲೇ ಬೈಗುಳ ಕೇಳಿಸಾಕ ಹತ್ತಿತು.

ಛತ್ರಿ ಕೊಡಾಕ ಓಡಿದೆ. ಗೇಟಿನಾಗ ಆಕಿ ಇಲ್ಲ. ಹುಡುಕ್ಕೋತ ಕೆಳಗಿನ ದಾರಿ ಹಿಡದು ನೋಡಿದ್ರ, ನಮ್ಮ ಆಣಿಯ ಹೆಂಗಸು ಗೇಟಿನ ಒಳಗ, ಇಳಿಜಾರಿನ ಬುಡದಾಗ, ಒಬ್ಬ ಬಿಳಿ ಮುದುಕಿಯ ದೊಡ್ಡ ಛತ್ರಿ ಕೆಳಗ ನಿಂತು ಫ್ಲಾಸ್ಕಿನ ಮುಚ್ಚಳದಾಗ ಚಾ ಕುಡೀತಿದ್ಲು. ಆ ಮುದುಕಿಯ ಹೆಸರು ಮಾರ್ಗರೆಟ್. ನಾವು ಮಾರ್ಗರೆಟ್ಟಮ್ಮ ಅಂತೀವಿ. ಎಂಬತ್ತರ ಹತ್ತಿರ ಇರಬೇಕು. ನೀಲಮ್ಮ ತೊಯ್ಯೋದು ನೋಡಿ, ಕೈ ಹಿಡದು ಕರ್ಕೊಂಡು ಬಂದಾಳ. ಒಬ್ಬರ ಭಾಷಿ ಇನ್ನೊಬ್ಬರಿಗೆ ಬರಂಗಿಲ್ಲ.

ಅವ್ರ ಕಾಲ ಬುಡದಾಗ ಒಂದು ಗಿಡ್ಡ ಕಲ್ಲು. ಸುತ್ತ ಹುಲ್ಲು ಕತ್ತರಿಸಿ ಚೊಕ್ಕ ಮಾಡಿದ್ದು. ಹುಲ್ಲಿನಾಗ ಮಕ್ಕಳ ಗಿರಗಿಟ್ಲಿ ಚುಚ್ಚಿದ್ರು, ಕೆಂಪು, ಹಳದಿ, ಮಳಿ ಗಾಳಿಗೆ ತಿರುಗತಿದ್ವು. ನೀಲಮ್ಮ ಅವನ್ನ ನೋಡ್ಕೋತ, "ಇಲ್ಲಿ ಯಾರದಾರ ಅಂತ ಕೇಳು" ಅಂದ್ಲು, ಹಿಂದಿನಿಂದ ನಿಧಾನ ನಡದು ಬಂದ ಸುಮಾಗೆ.

ಸುಮಾ ಕೇಳಿದ್ಲು. ಮಾರ್ಗರೆಟ್ಟಮ್ಮ ಹೇಳಿದ್ದನ್ನ ತುಂಡು ತುಂಡಾಗಿ ನಮಗ ಹೇಳಿದ್ಲು. ಅದು ಕೂಸುಗಳ ಜಾಗ. ಹುಟ್ಟುತ್ತಲೇ ಹೋದವು, ಹುಟ್ಟಿ ಒಂದೆರಡು ದಿನಕ್ಕ ಹೋದವು. ಆಗಿನ ಕಾಲದಾಗ ತಾಯಿಗೆ ತೋರಿಸ್ತಿರಲಿಲ್ಲಂತ. ತಗೊಂಡು ಹೋಗಿ, ಹತ್ತಾರು ಕೂಸು ಒಂದೇ ಕಡೆ ಇಟ್ಟು, ಎಲ್ಲಿ ಅಂತ ಹೇಳ್ತಿರಲಿಲ್ಲಂತ. ಮನಿಗೆ ಹೋಗು, ಮರೆತುಬಿಡು, ಇನ್ನೊಂದು ಹಡಿ ಅಂತ ಕಳಿಸ್ತಿದ್ರಂತ. ಈಯಮ್ಮನ ಮೊದಲ ಮಗನೂ ಅದರಾಗ ಅದಾನ. ಕೂದಲು ಬೆಳ್ಳಗಾದ ಮ್ಯಾಲ ಹಳೇ ದಫ್ತರದಾಗ ಹೆಸರು ಹುಡುಕಿ, ಇಲ್ಲೇ ಅಂತ ಗೊತ್ತಾತಂತ. ಅಂದಿನಿಂದ ಗುರುವಾರ ಗುರುವಾರ ಬಂದು ಹುಲ್ಲು ಕತ್ತರಿಸಿ ಹೋಗ್ತಾಳ. ತನ್ನ ಮಗನ ಜೋಡಿ ಎಲ್ಲಾವುದರದ್ದೂ.

ನಾನು ದೇವ್ರೇ ಅಂದ್ಕೊಂಡೆ. ಗುಡೇಕೋಟಿ ಎಲ್ಲಿ, ಶೆಫೀಲ್ಡ್ ಎಲ್ಲಿ! ನಮ್ಮ ಮಾವ ಹೇಳಿದ ಮಾತನ್ನ ಈ ದೇಶದವ್ರಿಗೆ ಯಾರು ಬಂದು ಹೇಳಿಕೊಟ್ಟಿದ್ರು?

ನೀಲಮ್ಮ ಚಾ ಮುಚ್ಚಳ ವಾಪಸ್ ಕೊಟ್ಟು, ಬಾಯಿ ಒರಸ್ಕೊಂಡು, "ಆಯಮ್ಮಗ ಹೇಳು ಸುಮಾ. ನನಗೂ ಒಂದು ಇತ್ತು ಅಂತ. ಎರಡು ದಿನ ಇತ್ತು. ಹೆಣ್ಣು" ಅಂದ್ಲು.

ಸುಮಾ ಬಾಯಿ ತೆರದ್ಲು. ಇಂಗ್ಲಿಷು ಹೊರಗ ಬರಲಿಲ್ಲ. "ಅವ್ವ? ನನಗೊಬ್ಬಾಕಿ ಅಕ್ಕ ಇದ್ಲೇನು?"

ಯಾರಾದ್ರೂ ಹೇಳಬೇಕಲ್ಲ, ನಾನೇ ನನ್ನ ಹರಕು ಇಂಗ್ಲಿಷಿನಾಗ ಹೇಳಿದೆ. "ಮೈ ವೈಫ್ ಆಲ್ಸೋ. ಒನ್ ಬೇಬಿ. ಟೂ ಡೇಸ್." ಮಾರ್ಗರೆಟ್ಟಮ್ಮ ತೊಯ್ದ ಗ್ಲೌಸು ಕಳಚಿ, ಬರಿಗೈಯಿಂದ ನೀಲಮ್ಮನ ಕೈ ಹಿಡ್ಕೊಂಡ್ಲು.

ಆಮ್ಯಾಲ ನೀಲಮ್ಮ ನನ್ನ ಕಡೆ ತಿರುಗಿದ್ಲು. ಬಂತು ಅಂದ್ಕೊಂಡೆ. ಎಲ್ಲಿ ಅಂತ ಕೇಳ್ತಾಳ, ನಾನು ಏನು ಹೇಳಲಿ? ಆಕಿ ಕೇಳಿದ್ದು ಬ್ಯಾರೆ.

"ಏನ್ರಿ, ಖರೇ ಹೇಳ್ರಿ. ಮ್ಯಾಲ ಕಲ್ಲು ಇಟ್ಟಿದ್ರೋ ಇಲ್ಲೋ?"

ನಾನು ಆ ಗಿಡ್ಡ ಕಲ್ಲಿನ ಕಡೆ ನೋಡಿದೆ.

"ಕರಡಿ ಕೆದರಿದ್ವೋ ಏನೋ ಅಂತ ನನಗ ಇವತ್ತಿಗೂ ಕನಸು ಬೀಳತೈತ್ರೀ. ಮಳಿ ಬಂದಾಗೆಲ್ಲ ಮಣ್ಣು ಹೋತೇನೋ ಅನಸ್ತೈತಿ. ಎಲ್ಲೈತಿ ಅಂತ ಹೇಳಬ್ಯಾಡ್ರಿ. ಕಲ್ಲು ಇಟ್ಟಿದ್ರೇನು, ಅಷ್ಟು ಹೇಳ್ರಿ."

ಇಟ್ಟೆ, ನಾನೇ ಕೈಯಾರ ಇಟ್ಟೆ, ಈ ಮಾತು ನನ್ನ ನಾಲಿಗಿ ತುದಿಗೆ ಬಂದಿತ್ತು. ಹೇಳಿದ್ರ ಆಕಿ ನಂಬತಿದ್ಲು, ಚಂದಾಗಿ ನಿದ್ದಿ ಮಾಡತಿದ್ಲು. ಆದ್ರ ಆ ಕೂಸುಗಳ ಮುಂದ, ಆ ಮುದುಕಿ ಮುಂದ, ನನ್ನ ಬಾಯಿ ಸುಳ್ಳಿಗೆ ಏಳಲಿಲ್ಲ.

"ನಾನು ನೋಡಲಿಲ್ಲ ನೀಲಾ" ಅಂದೆ. "ಹಿಂದ ನೋಡಬ್ಯಾಡ ಅಂದ ನಿಮ್ಮಪ್ಪ. ನಾನು ನೋಡಲಿಲ್ಲ. ಜಾಗ ಯಾವುದು ಅಂತ ನನಗೂ ಗುರುತಿಲ್ಲ. ತಪ್ಪಾತು. ಆದ್ರ ಬರೋವಾಗ ಕೇಳಿಸ್ತು. ಕಲ್ಲು ಉರುಳಿಸ್ತಿದ್ದ ನಿಮ್ಮಪ್ಪ, ಮುಕ್ಕರಿಸ್ತಿದ್ದ. ಧಪ್ ಅಂತ ಬಿದ್ದ ಸಪ್ಪಳ ಕೇಳೀನಿ. ಮೂರು ಸಲ."

"ಮೂರಾ?"

"ಮೂರು. ದೊಡ್ಡವು. ಸಪ್ಪಳ ಈಗಲೂ ಕಿವಿಯಾಗ ಐತಿ."

ಆಕಿ ಸುಮಾನ ಕಡೆ ತಿರುಗಿ ಮೂರು ಬೆರಳು ತೋರಿಸಿದ್ಲು. "ಮೂರು ಇಟ್ಟಾನಂತ ನಮ್ಮಪ್ಪ" ಅಂದ್ಲು. ಅಂದಾಕಿ ಅಲ್ಲೇ ತೊಯ್ದ ಹುಲ್ಲಿನಾಗ ಕುಂತು ಅತ್ಲು. ಆಕಿ ಹಂಗ ಅತ್ತದ್ದು ನಾನು ನೋಡೇ ಇರಲಿಲ್ಲ, ಆ ಕೂಸು ಹೋದ ದಿನನೂ ನೋಡಿರಲಿಲ್ಲ, ಯಾಕಂದ್ರ ಅವತ್ತು ನನ್ನನ್ನ ಬಾಣಂತಿ ಕೋಣಿ ಒಳಗ ಬಿಟ್ಟಿರಲಿಲ್ಲ. ನಾನೂ ಅತ್ತೆ. ಸುಮಾ ಆ ದೊಡ್ಡ ಹೊಟ್ಟಿ ಹೊತ್ಕೊಂಡು ಮೆಲ್ಲಕ ಅವರವ್ವನ ಪಕ್ಕ ಕುಂತ್ಲು. ಇಬ್ಬರನ್ನ ಎಬ್ಬಿಸಾಕ ನಾನು, ಮಾರ್ಗರೆಟ್ಟಮ್ಮ, ಕುಂಟ ನಾಯಿಯ ಮನುಷ್ಯ, ಮೂರು ಮಂದಿ ಬೇಕಾತು.

ಅವತ್ತು ಮನಿಗೆ ಬಂದು ಸೀದಾ ಒಳಗ ಹೋದ್ವಿ. ಕಾಲು ತೊಳಕೊಳ್ಳೋದು ಮೂವರಿಗೂ ನೆನಪಾಗಲಿಲ್ಲ. ಊಟಕ್ಕ ಕುಂತಾಗ ನನಗ ಹೊಳೀತು, ಆದ್ರ ಬಾಯಿ ಬಿಡಲಿಲ್ಲ.

ಜೂನಿನಾಗ ಮೊಮ್ಮಗಳು ಹುಟ್ಟಿದ್ಲು. ಬಡಕೊಂಡು ಅಳತಾಳ, ಗಂಟಲು ನಂದೇ. ತಿಂಗಳು ತುಂಬಿದ ಮರುದಿನ ನೀಲಮ್ಮನೇ ಕೂಸಿನ ಗಾಡಿ ತಳ್ಕೊಂಡು ಆ ಕಬ್ಬಿಣದ ಗೇಟಿನಾಗ ಹೋದ್ಲು. ನಾವು ಹೊರಡೋ ವಾರ ಮಾರ್ಗರೆಟ್ಟಮ್ಮ ಒಂದು ಕೆಂಪು ಗಿರಗಿಟ್ಲಿ ಕಾಗದದಾಗ ಸುತ್ತಿ ಕೊಟ್ಲು. ಯಾರಿಗೆ ಅಂತ ನಾವು ಕೇಳಲಿಲ್ಲ.

ಗುಡೇಕೋಟಿ

ಊರಿಗೆ ಬಂದ ಮುಂದಿನ ಸೋಮವಾರ ಇಬ್ಬರೂ ಗುಡೇಕೋಟಿ ಬಸ್ಸು ಹತ್ತಿದ್ವಿ. ಯಾರಿಗೂ ಹೇಳಲಿಲ್ಲ.

ಗುಡೇಕೋಟಿ ಗುಡ್ಡದಾಗ ಮೂರು ಕಲ್ಲು ಹುಡುಕಾಕ ಹೋಗೋದು ಎಂಥಾ ಹುಚ್ಚು ಅಂತ ಆ ಕಡೆಯವ್ರಿಗೆ ಗೊತ್ತು. ಅಲ್ಲಿ ಕಲ್ಲು ಬಿಟ್ರ ಬ್ಯಾರೆ ಏನೈತಿ? ಕೆರಿ ಏರಿಯಿಂದ ಎಡಕ್ಕ ಹೋಗಿದ್ವಿ ಅನ್ನೋದು ನೆನಪಿತ್ತು. ಒಂದು ಕಮರ ಗಿಡ ನೆನಪಿತ್ತು, ಅದು ಇರಲಿಲ್ಲ. ಒಂದು ತಾಸು ಅಡ್ಡಾಡಿದ್ವಿ. ಎಲ್ಲಿ ನೋಡಿದ್ರೂ ಮೂರು ಮೂರು ಕಲ್ಲು ಕೂಡೇ ಇದ್ದಂಗ ಕಾಣತಿತ್ತು. ನನ್ನ ಮ್ಯಾಲ ನನಗೇ ಸಿಟ್ಟು ಬಂತು. ಒಂದೇ ಒಂದು ಸಲ ತಿರುಗಿ ನೋಡಿದ್ರ ಏನಾಗತಿತ್ತಪ್ಪ?

ಸೀತಾಫಲದ ಪೊದಿ ಪಕ್ಕ ಮೂರು ಕಲ್ಲು, ಅರ್ಧ ಮಣ್ಣಾಗ ಹೂತಿದ್ವು. ನೀಲಮ್ಮ ಅದರ ಮುಂದ ನಿಂತ್ಲು. ಕೈಯಿಂದ ಅಲ್ಲಾಡಿಸಿ ನೋಡಿದ್ಲು. ಮೂರೂ ಜಪ್ಪಯ್ಯ ಅನ್ನಲಿಲ್ಲ.

"ಇದನ್ನ ಕರಡಿ ಎತ್ತಾಕ ಆಗಂಗಿಲ್ಲ ಅಲ್ರೀ?"

"ಕರಡಿ ಏನು, ಜೇಸಿಬಿ ಬರಬೇಕು."

"ಹಂಗಾದ್ರ ಇಲ್ಲೇ ಕುಂದ್ರೋಣ."

ಅದೇ ಹೌದೋ ಅಲ್ಲೋ ನನಗ ಗೊತ್ತಿಲ್ಲ. ಆಕಿಗೂ ಗೊತ್ತಿಲ್ಲ. ಕುಂತ್ವಿ. ಮಾರ್ಗರೆಟ್ಟಮ್ಮನ ಗಿರಗಿಟ್ಲಿ ಕಲ್ಲಿನ ಸಂದ್ಯಾಗ ಚುಚ್ಚಿದ್ವಿ. ಗುಡೇಕೋಟಿ ಗಾಳಿ ಅಂದ್ರ ಕೇಳಬೇಕಾ, ಸರ್ರನೆ ತಿರುಗಾಕ ಹತ್ತಿತು. ನೀಲಮ್ಮ ಬುತ್ತಿ ಬಿಚ್ಚಿದ್ಲು. ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ. ಮೊದಲು ಒಂದು ತುತ್ತು ಕಲ್ಲಿನ ಮುಂದ ಇಟ್ಟು, ಆಮ್ಯಾಲ ಇಬ್ಬರೂ ಉಂಡ್ವಿ. ಕುರಿ ಮೇಯಿಸೋ ಮುದುಕಪ್ಪ ಒಬ್ಬ ಹಾದುಹೋದ. "ಏನ್ರೀ ಇಲ್ಲಿ ಕುಂತು ಉಣ್ಣಾಕ ಹತ್ತೀರಿ?" ಅಂದ.

"ಮಗಳನ್ನ ನೋಡಾಕ ಬಂದಿದ್ವಿ" ಅಂದ್ಲು ನೀಲಮ್ಮ. ಅಂವ ಸುತ್ತ ಕಣ್ಣಾಡಿಸಿ, ಕಲ್ಲು ನೋಡಿ, ಗಿರಗಿಟ್ಲಿ ನೋಡಿ, ತಲಿ ಮ್ಯಾಲಿನ ವಸ್ತ್ರ ತೆಗೆದು ಕೈಯಾಗ ಹಿಡ್ಕೊಂಡು ಮುಂದಕ್ಕ ಹೋದ.

ಸಂಜಿ ಬಸ್ಸು ಹಿಡಿಯಾಕ ಕೆರಿ ಏರಿ ಮ್ಯಾಲ ಬಂದ್ವಿ. ಬಸ್ಸಿನ ಕಂಡಕ್ಟರ್ ನನ್ನ ಕೈಕೆಳಗ ಕಲ್ತಾಂವ, ಸೀಟು ಬಿಡಸ್ತೀನಿ ಬರ್ರಿ ಅಂದ. ನೀಲಮ್ಮ ಕುಂತ್ಲು, ನಾನು ಒಲ್ಲೆ ಅಂದು ಹಿಂದಿನ ಬಾಗಲದಾಗ ನಿಂತೆ. ಬಸ್ಸು ಹೊಂಟ್ತು. ನಾನು ಗುಡ್ಡದ ಕಡೆ ತಿರುಗಿದೆ. ನೀಲಮ್ಮ ಕಿಟಕಿಯಿಂದ ತಲಿ ಪೂರಾ ಹೊರಗ ಹಾಕಿ, ಗುಡ್ಡ ಮರೆಯಾಗೋ ತನಕ ಹಿಂದ ನೋಡ್ತಿದ್ಲು.

ಮೂವತ್ತೈದು ವರ್ಷ ಆ ರೂಟಿನಾಗ ತಲಿ ಹೊರಗ ಹಾಕಿದ ಒಬ್ಬರನ್ನೂ ನಾನು ಬೈಯದ ಬಿಟ್ಟಾಂವಲ್ಲ. ಅವತ್ತು ಆ ಹುಡುಗ ಕಂಡಕ್ಟರ್ ಬೈಯಾಕ ಬಾಯಿ ತೆರದ. ಕೈ ಅಡ್ಡ ಹಿಡದು, ಸುಮ್ಮನಿರು ತಮ್ಮ, ನೋಡಲಿ ಅಂದೆ.